ಕೋಶಿತ್ಸೆಗೆ ಬರುವ ಮುಂಚೆ: "ನಾವು ರೋಮಾ ಅಲ್ಲ" ಅನ್ನುವ ಮಾತಿನ ಬಗ್ಗೆ

ಪ್ರದೀಪ್ ಅವರೇ, ಬಸುರಿ ಹೆಂಡತಿಯನ್ನು ಕರೆದುಕೊಂಡು ಸ್ಲೊವಾಕಿಯಾದ ಕೋಶಿತ್ಸೆಗೆ ಬರುತ್ತಿದ್ದೀರಿ. ನಮ್ಮ ಮೈಬಣ್ಣ ನೋಡಿ ರೋಮಾ (ಹಿಂದೆ ಜಿಪ್ಸಿ ಅಂತ ಕರೆಯುತ್ತಿದ್ದ, ಇಲ್ಲಿನ ಅಲ್ಪಸಂಖ್ಯಾತ ಜನ) ಅಂದುಕೊಂಡರೆ ಆಸ್ಪತ್ರೆಯಲ್ಲಿ ತೊಂದರೆಯಾಗುತ್ತಾ ಅಂತ ಕೇಳಿದ್ದೀರಿ.

ಆಗಬಹುದು. ನನಗೆ ಆಗಿದೆ. ಇಲ್ಲಿಗೆ ಬಂದ ಮೊದಲ ಚಳಿಗಾಲ, ಮಗಳಿಗೆ ಜೋರು ಜ್ವರ. ಕಿಟಕಿಯ ಹಿಂದಿದ್ದ ನರ್ಸ್ ತಲೆ ಕೂಡ ಎತ್ತದೆ ಕಾಯಿರಿ ಅಂದರು. ಒಂದು ಗಂಟೆಯಾಯಿತು. ಗಾಬರಿಯಲ್ಲಿ "ನಾವು ರೋಮಾ ಅಲ್ಲ, ಇಂಡಿಯಾದವರು" ಅಂದುಬಿಟ್ಟೆ. ತಕ್ಷಣ ಒಳಗೆ ಕರೆದರು. ನಮಗಿಂತ ಮುಂಚೆ ಬಂದಿದ್ದ ರೋಮಾ ತಾಯಿ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಅಲ್ಲೇ ಕೂತಿದ್ದರು. ಎಂಟು ವರ್ಷವಾಯಿತು, ಆಡಿದ ಮಾತು ಇನ್ನೂ ಚುಚ್ಚುತ್ತದೆ.

ನನ್ನ ಕಷ್ಟ ಒಂದು ಗಂಟೆಯದು. ರೋಮಾ ಜನರದು ಹಾಗಲ್ಲ. ಊರಾಚೆ ಅವರ ಕೇರಿಗಳಿವೆ. ಕೇರಿ ಅಂದರೇನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಎಷ್ಟೋ ಮನೆಗಳಿಗೆ ನಲ್ಲಿ ಇಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟ ಜನ, ನೀರಿಗೆ ಇವತ್ತೂ "ಪಾನಿ" ಅನ್ನುತ್ತಾರೆ. ಆ ಪಾನಿಯೇ ಸರಿಯಿಲ್ಲದೆ ಕೇರಿಗಳಲ್ಲಿ ಹೆಪಟೈಟಿಸ್ ಎ ಅನ್ನುವ ಕಾಮಾಲೆ ಮತ್ತೆ ಮತ್ತೆ ಹಬ್ಬುತ್ತದೆ. ಆರೋಗ್ಯ ವಿಮೆಯ ಕಂತು ಬಾಕಿ ಬಿದ್ದವರಿಗೆ ಸಾಮಾನ್ಯವಾಗಿ ತುರ್ತು ಚಿಕಿತ್ಸೆ ಮಾತ್ರ ಸಿಗುತ್ತದೆ. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ಹಲವು ದೇಶಗಳಲ್ಲಿ ಸಮೀಕ್ಷೆ ಮಾಡಿತು. ಅದರ ಪ್ರಕಾರ ರೋಮಾ ಹೆಂಗಸರ ಆಯಸ್ಸು ಉಳಿದವರಿಗಿಂತ 11 ವರ್ಷ ಕಡಿಮೆ, ಗಂಡಸರದು 9 ವರ್ಷ ಕಡಿಮೆ.

ಹೆರಿಗೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಲೇಬೇಕು. 2000ದಲ್ಲಿ ಪಕ್ಕದ ಪ್ರೆಶೊವ್‌ನಲ್ಲಿ 20 ವರ್ಷದ ರೋಮಾ ಹುಡುಗಿಗೆ ಸಿಸೇರಿಯನ್ ಮಾಡುವಾಗಲೇ ಮುಂದೆ ಮಕ್ಕಳಾಗದಂತೆ ಆಪರೇಷನ್ನೂ ಮಾಡಿಬಿಟ್ಟರು. ಹೆರಿಗೆ ನೋವಿನಲ್ಲಿದ್ದಾಗ ಸಹಿ ಹಾಕಿಸಿಕೊಂಡಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಆಕೆ ರೋಮಾ ಅಂತಲೂ ಬರೆದಿದ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲಿ ಆಕೆಯ ಪರ ತೀರ್ಪು ಕೊಟ್ಟಿತು. ಇಂಥ ಆಪರೇಷನ್‌ಗಳಿಗೆ ಸರ್ಕಾರ ಕ್ಷಮೆ ಕೇಳಿದ್ದು 2021ರಲ್ಲಿ.

ಒಳ್ಳೆಯದೂ ಇದೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಕೇರಿಯವರನ್ನೇ ಆರೋಗ್ಯ ಸಹಾಯಕರಾಗಿ ಸರ್ಕಾರದ ಯೋಜನೆಯೊಂದು ನೇಮಿಸಿಕೊಂಡಿದೆ. ಲಸಿಕೆ ಹಾಕಿಸುವುದು, ಡಾಕ್ಟರ ಹತ್ತಿರ ಕರೆದೊಯ್ಯುವುದು ಅವರ ಕೆಲಸ.

ನೀವು ವಿಮೆ ಕಾರ್ಡು, ಸ್ಕ್ಯಾನ್ ವರದಿ ಎಲ್ಲ ಕೈಯಲ್ಲೇ ಇಟ್ಟುಕೊಳ್ಳಿ. ರೋಮಾ ಜನರಿಗೆ "ಸಿಗಾನ್" ಅನ್ನುವ ಪದ ಬಳಸಬೇಡಿ, ಅದು ಬೈಗುಳ. ಯಾರಾದರೂ ನೀವು ರೋಮಾನಾ ಅಂತ ಕೇಳಿದರೆ ಸುಮ್ನೆ ಕಾರ್ಡು ತೋರಿಸಿ, ಮುಂದಿನ ಸರದಿ ಯಾರದು ಅಂತ ಕೇಳಿ.