ಗುರಿ, ಗಡುವು ಮತ್ತು ಮನಸ್ಸಾಕ್ಷಿ

ಪ್ರಶ್ನೆ: ಟೆಸ್ಲಾ ಷೇರುಗಳು ನನ್ನಲ್ಲಿವೆ. ಆ ಕಂಪನಿಯ ಉತ್ಪಾದನಾ ಗುರಿಗಳನ್ನು ನಂಬಬಹುದೇ? ಕಾರ್ಮಿಕ ಸಂಘಗಳ ಬಗ್ಗೆ ಅದರ ಧೋರಣೆ ನನಗೆ ಒಪ್ಪಿಗೆಯಿಲ್ಲ, ಷೇರು ಮಾರಿಬಿಡಲೇ?
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಗುರಿ ಮತ್ತು ಗಡುವನ್ನು ಬೇರೆಬೇರೆಯಾಗಿ ನೋಡಿ. ಮಾಡೆಲ್ 3 ಕಾರನ್ನು 2017ರ ಕೊನೆಗೆ ವಾರಕ್ಕೆ 5,000ದಂತೆ ತಯಾರಿಸುವುದಾಗಿ ಹೇಳಿದ್ದ ಕಂಪನಿಯು, ಅತಿಯಾದ ಯಾಂತ್ರೀಕರಣ ಮತ್ತು ನೆವಾಡಾದ ಬ್ಯಾಟರಿ ವಿಭಾಗದ ತೊಡಕುಗಳಿಂದಾಗಿ ಗಡುವನ್ನು ಎರಡು ಬಾರಿ ಮುಂದೂಡಿ, ಫ್ರೀಮಾಂಟ್ ಕಾರ್ಖಾನೆಯ ಆವರಣದಲ್ಲಿ ಡೇರೆ ಹಾಕಿ ಜೋಡಣೆ ನಡೆಸಿ, 2018ರ ಜೂನ್ ಅಂತ್ಯದಲ್ಲಿ ಆ ಸಂಖ್ಯೆಯನ್ನು ಮುಟ್ಟಿತು. ತಡವಾದರೂ ಮುಟ್ಟಿತೆಂಬುದು ಸಣ್ಣ ಮಾತಲ್ಲ. ಆದರೆ 2030ಕ್ಕೆ ವರ್ಷಕ್ಕೆ 2 ಕೋಟಿ ಕಾರುಗಳೆಂಬ ಗುರಿಯ ಕಥೆ ಬೇರೆ: 2023ರಲ್ಲಿ 18 ಲಕ್ಷ ದಾಟಿದ್ದ ವಿತರಣೆ 2024ರಲ್ಲಿ ತುಸು ಇಳಿಯಿತು, ಅದೇ ವರ್ಷ ಪ್ರಕಟವಾದ ಕಂಪನಿಯ ಪರಿಣಾಮ ವರದಿಯಿಂದ (ಇಂಪ್ಯಾಕ್ಟ್ ರಿಪೋರ್ಟ್) ಆ ಗುರಿಯೂ ಮರೆಯಾಯಿತು. ಆದ್ದರಿಂದ ಘೋಷಣೆಗಳಿಗಿಂತ ತ್ರೈಮಾಸಿಕ ಉತ್ಪಾದನೆಗೂ ವಿತರಣೆಗೂ ಇರುವ ಅಂತರವನ್ನೇ ಗಮನಿಸಿ.

ನೈತಿಕ ಮೌಲ್ಯದ ಪ್ರಶ್ನೆಗೆ ಎರಡು ದಾರಿಗಳಿವೆ. 2023ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಟೆಸ್ಲಾ ಮೆಕ್ಯಾನಿಕ್‌ಗಳು ಸಾಮೂಹಿಕ ಒಪ್ಪಂದಕ್ಕಾಗಿ (ಅಂದರೆ ವೇತನ, ಕೆಲಸದ ಷರತ್ತುಗಳನ್ನು ಕಾರ್ಮಿಕ ಸಂಘದೊಡನೆ ನಿಗದಿಪಡಿಸುವ ಒಪ್ಪಂದ) ಮುಷ್ಕರ ಹೂಡಿದ ಬಳಿಕ, ಡೆನ್ಮಾರ್ಕಿನ ಪಿಂಚಣಿ ನಿಧಿ ಪೆನ್ಶನ್‌ಡ್ಯಾನ್‌ಮಾರ್ಕ್ ತನ್ನ ಟೆಸ್ಲಾ ಷೇರುಗಳನ್ನು ಮಾರಿತು. ನಾರ್ವೆಯ ಸರ್ಕಾರಿ ನಿಧಿಯಾದರೋ ಷೇರುಗಳನ್ನು ಉಳಿಸಿಕೊಂಡೇ, 2024ರಲ್ಲಿ ಇಲಾನ್ ಮಸ್ಕ್ ಅವರ ವೇತನ ಪ್ಯಾಕೇಜಿನ ವಿರುದ್ಧ ಮತ ಹಾಕಿತು. ನೀವು ಮಾರಿದ ಷೇರು ಇನ್ನೊಬ್ಬರ ಕೈಸೇರುವುದೇ ಹೊರತು ಕಂಪನಿಯ ಬಂಡವಾಳ ಕರಗುವುದಿಲ್ಲ. ಆದರೂ ಒಪ್ಪಿಗೆಯಿಲ್ಲದ ಲಾಭವನ್ನು ಬೇಡವೆನ್ನುವುದು ನಿಮ್ಮ ಹಕ್ಕು, ಅದನ್ನು ನಾನು ಗೌರವಿಸುತ್ತೇನೆ. ಮಾರುವುದಾದರೆ, ಖರೀದಿಸಿ ಒಂದು ವರ್ಷ ಮೀರಿದ ಷೇರುಗಳ ಲಾಭಕ್ಕೆ ಅಮೆರಿಕದ ಫೆಡರಲ್ (ಕೇಂದ್ರ) ತೆರಿಗೆ ಸಾಮಾನ್ಯವಾಗಿ ಕಡಿಮೆ ಎಂಬುದನ್ನು ನೋಡಿಕೊಳ್ಳಿ. ಉಳಿಸಿಕೊಳ್ಳುವುದಾದರೆ, ವಾರ್ಷಿಕ ಸಭೆಯ ಮತಪತ್ರವನ್ನು ತಪ್ಪದೇ ಬಳಸಿ.