ಜೆಕ್ ಭಾಷೆಯ 'ನಿಗ್ದೊ' ಎಲ್ಲಿಂದ ಬಂತು?

ಪ್ರಶ್ನೆ: ಮಗಳು ಪ್ರಾಗ್‌ನಲ್ಲಿ ಓದ್ತಿದಾಳೆ, ಅವಳ ನೆಪದಲ್ಲಿ ನಾನೂ ಸ್ವಲ್ಪ ಜೆಕ್ ಕಲೀತಿದೀನಿ. 'ನಿಗ್ದೊ ನಿತ್ಸ್ ನೆವೀ' ಅಂದ್ರೆ ಯಾರಿಗೂ ಏನೂ ಗೊತ್ತಿಲ್ಲ ಅಂತೆ. ಮೂರು ಪದದಲ್ಲೂ 'ಇಲ್ಲ' ಇದ್ರೆ ಒಂದನ್ನೊಂದು ಹೊಡೆದುಹಾಕಲ್ವಾ? 'ನಿಗ್ದೊ' ಪದದ ಮೂಲ ಏನು?

ಉತ್ತರ: ಖಂಡಿತ ಹೊಡೆದುಹಾಕಲ್ಲ. ಎರಡು ನೆಗೆಟಿವ್ ಸೇರಿದ್ರೆ ಪಾಸಿಟಿವ್ ಅಂತ ಇಂಗ್ಲಿಷ್ ಗ್ರಾಮರ್ ಕ್ಲಾಸಲ್ಲಿ ಕಲಿತಿದ್ದನ್ನ ಇಲ್ಲಿ ಪಕ್ಕಕ್ಕಿಡಿ. ಜೆಕ್‌ನಲ್ಲಿ ನಿಗ್ದೊ ಬಂತು ಅಂದ್ರೆ ಕ್ರಿಯಾಪದಕ್ಕೂ 'ನೆ' ಸೇರಲೇಬೇಕು, ಬರೀ 'ನಿಗ್ದೊ ವೀ' ಅಂದ್ರೆ ತಪ್ಪು. 'ನಿಗ್ದೊ ನಿಗ್ದಿ ನಿಗ್ದೆ ನಿತ್ಸ್ ನೆವಿದ್ಯೆಲ್' ಅಂದ್ರೆ ಯಾರೂ ಯಾವತ್ತೂ ಎಲ್ಲೂ ಏನೂ ನೋಡಲಿಲ್ಲ, ಐದು ಪದಕ್ಕೆ ಐದು ನಿಷೇಧ, ನಮ್ಮಲ್ಲಾದ್ರೆ ಕೊನೇಲಿ ಒಂದು 'ಇಲ್ಲ' ಸಾಕು.

ಈಗ ಮೂಲಕ್ಕೆ ಬರೋಣ. ಬರೆಯೋದು 'ನಿಕ್ದೊ' ಅಂತಾನೇ, ಪಕ್ಕದ ದಕಾರದಿಂದ ಕಕಾರ ಬಾಯಲ್ಲಿ ಗಕಾರ ಆಗುತ್ತೆ. ನಿ ಅಂದ್ರೆ ನಿಷೇಧ, ಕ್ದೊ ಅಂದ್ರೆ ಯಾರು. ಹಳೇ ಜೆಕ್‌ನಲ್ಲಿ ಇದು 'ನಿಕ್ತೊ' ಆಗಿತ್ತು, ಸ್ಲೊವಾಕ್‌ನಲ್ಲಿ ಈಗಲೂ ನಿಕ್ತೊ, ಪೋಲಿಷ್‌ನಲ್ಲಿ ನಿಕ್ತ್. ಆ 'ಕ್ತೊ'ನ ಇನ್ನೂ ಬಿಡಿಸಿದ್ರೆ ನಂಗೆ ತುಂಬಾ ಇಷ್ಟವಾದ ಭಾಗ ಸಿಗುತ್ತೆ, ಕ್ ಅನ್ನೋದು ಸಂಸ್ಕೃತದ ಕಃ ಪದದ ಬಂಧು, ತೊ ಅನ್ನೋದು ತತ್ ಪದದ ಬಂಧು. ಋಗ್ವೇದದಲ್ಲಿ 'ನಕಿಃ' ಅಂತ ಒಂದು ಪದ ಇದೆ, ಅರ್ಥ ಯಾರೂ ಇಲ್ಲ ಅಂತಾನೇ, ಅದನ್ನ ಕಟ್ಟಿರೋದೂ ಇದೇ ರೀತಿ, ನಿಷೇಧದ ಜೊತೆ ಪ್ರಶ್ನೆಯ ಪದ ಸೇರಿಸಿ. ನಿಮ್ಮ ವಾಕ್ಯದ 'ವೀ', ಅಂದ್ರೆ ಗೊತ್ತು ಅನ್ನೋ ಪದ ಕೂಡ ನಮ್ಮ ವೇದ, ವಿದ್ಯೆ ಹುಟ್ಟಿದ ವಿದ್ ಧಾತುವಿನ ಬಳಗವೇ.

'ನಿತ್ಸ್' ಕಥೆ ಸ್ವಲ್ಪ ಸುತ್ತು. ಜೆಕ್, ಸ್ಲೊವಾಕ್, ಪೋಲಿಷ್ ಎಲ್ಲಾ ಸೇರಿದ ಸ್ಲಾವಿಕ್ ಭಾಷಾ ಕುಟುಂಬದಲ್ಲಿ, ಏನು ಅನ್ನೋ ಹಳೇ ಪದದ ಷಷ್ಠಿ ರೂಪ 'ಚಿಸೊ' ಥರ ಇತ್ತು. ಜೆಕ್‌ನಲ್ಲಿ ಆ ಷಷ್ಠಿ ರೂಪವೇ ಪ್ರಥಮಾ ವಿಭಕ್ತಿಯ ಜಾಗಕ್ಕೂ ಬಂದು ಕೂತು, ಸವೆದು 'ತ್ಸೊ' ಆಯ್ತು, ನಿ ಸೇರಿಕೊಂಡಿದ್ದು ನಿತ್ಸ್ ಆಯ್ತು. ಮೂಲದ ಚಕಾರ ಎಲ್ಲಿ ಹೋಯ್ತು ಅಂತೀರಾ, ಯಾಕೆ ಅನ್ನೋ 'ಪ್ರೊಚ್' ಪದದ ಕೊನೇಲಿದೆ. ಥ್ಯಾಂಕ್ಸ್ ಹೇಳಿದಾಗ ಅಲ್ಲಿನವರು 'ನೆನೀ ಜ಼ಚ್', ಅಂದ್ರೆ ಥ್ಯಾಂಕ್ಸ್ ಹೇಳೋಕೆ ಏನೂ ಇಲ್ಲ ಬಿಡಿ, ಅಂತಾರಲ್ಲ, ಅದರಲ್ಲಿರೋದೂ ಅದೇ ಚಕಾರ.