ಹೊರಗಿನದನ್ನೆಲ್ಲ ತೆಗೆದುಕೊಂಡೂ ಜಪಾನಿನ ಕಲೆ ಜಪಾನಿನದಾಗಿಯೇ ಉಳಿದದ್ದು ಹೇಗೆ?

ಲಿಪಿ, ಬೌದ್ಧಧರ್ಮ, ಚಹಾ ಚೀನಾದ ಕಡೆಯಿಂದ ಬಂದವು, ಆಮೇಲೆ ಯುರೋಪು, ಅಮೆರಿಕದ ಪ್ರಭಾವ. ಆದರೂ ಜಪಾನಿನ ಸೌಂದರ್ಯದೃಷ್ಟಿ ಹೇಗೆ ಉಳಿಯಿತು ಎಂದು ಕೇಳಿದ್ದೀರಿ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ದೇಶ ಹೊರಗಿನವರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡಿದ್ದರಿಂದ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮರದಚ್ಚಿನ ಚಿತ್ರಗಳ ಹುಚ್ಚು ನನಗೆ, ಅಲ್ಲಿಂದಲೇ ಉತ್ತರ ಕೊಡುತ್ತೇನೆ.

ಮರದಚ್ಚಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ ನೋಡಿಯೇ ಇರುತ್ತೀರಿ. 1831ರ ಸುಮಾರಿನದು, ಅಂದರೆ ಬಾಗಿಲು ಮುಚ್ಚಿದ್ದ ಕಾಲದ್ದೇ. ಅದರ ನೀಲಿ ಬರ್ಲಿನ್‌ನಲ್ಲಿ ಹುಟ್ಟಿದ ರಾಸಾಯನಿಕ ಬಣ್ಣ, ಆಗಲೂ ಹೊರಗಿನ ವ್ಯಾಪಾರಕ್ಕೆ ತೆರೆದಿದ್ದ ನಾಗಸಾಕಿ ಬಂದರಿನಿಂದ ಒಳಗೆ ಬಂದದ್ದು. ಹತ್ತಿರದ ಅಲೆ ದೈತ್ಯವಾಗಿ, ದೂರದ ಫ್ಯೂಜಿ ಪರ್ವತ ಪುಟ್ಟದಾಗಿ ಕಾಣುವ ಪರ್ಸ್ಪೆಕ್ಟಿವ್‌ನಲ್ಲೂ ಯುರೋಪಿನ ಪಾಠವಿದೆ. ಆದರೆ ಉಬ್ಬುತಗ್ಗು ತೋರಿಸುವ ನೆರಳುಬೆಳಕನ್ನು ಅವನು ತೆಗೆದುಕೊಳ್ಳಲಿಲ್ಲ. ಅಲೆ ನಿಂತಿರುವುದು ಗೆರೆಯ ಮೇಲೆ. ಆ ಗೆರೆಗಳನ್ನೂ ಕಪ್ಪಿನ ಬದಲು ನೀಲಿಯಲ್ಲೇ ಅಚ್ಚುಹಾಕಿಸಿದ. ಇಂಥ ಚಿತ್ರಗಳಲ್ಲಿ ಬಣ್ಣ ಗಾಢದಿಂದ ತೆಳುವಿಗೆ ಜಾರುವ ಕಡೆ ಗಮನಿಸಿ: ಮುದ್ರಿಸುವವನು ಅಚ್ಚಿನ ಮೇಲಿನ ಬಣ್ಣವನ್ನು ಪ್ರತಿ ಹಾಳೆಗೂ ಕೈಯಿಂದಲೇ ತೆಳುವಾಗಿಸಬೇಕು. ಬೊಕಾಶಿ ಎನ್ನುವ ಈ ಕೆಲಸದಲ್ಲಿ ಹೊಸ ನೀಲಿಯಂತೂ ಅದ್ಭುತವಾಗಿ ಒದಗಿಬಂತು.

ಚಹಾ ಬಟ್ಟಲುಗಳದೂ ಇದೇ ಕಥೆ. ಕ್ಯೋಟೊದ ದೈತೊಕುಜಿ ದೇವಾಲಯ ಸಮುಚ್ಚಯದಲ್ಲಿರುವ ಕಿಜಾಎಮೊನ್ ಬಟ್ಟಲು ಜಪಾನಿನ ರಾಷ್ಟ್ರೀಯ ನಿಧಿ. ಮಾಡಿದ್ದು ಕೊರಿಯಾದಲ್ಲಿ. ಬಿರುಕು ಬಿಟ್ಟ ಮೆರುಗು, ಬುಡದಲ್ಲಿ ಹೆಪ್ಪುಗಟ್ಟಿದ ಹನಿಗಳು. ಜಪಾನಿನ ಚಹಾ ಸಮಾರಂಭದ ಗುರುಗಳು ಮೆಚ್ಚಿದ್ದು ಇವನ್ನೇ. ವಸ್ತು ಹೊರಗಿನದು, ಆರಿಸಿದ ಕಣ್ಣು ಅವರದು.

ಕಣ್ಣೊಂದೇ ಸಾಲದು, ಕೈಯೂ ಉಳಿಯಬೇಕು. ಜಪಾನಿನ ಶಿಂತೋ ಧರ್ಮದ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, ಹೀಗಾಗಿ ಬಡಗಿಗಳ ವಿದ್ಯೆ ಮುಂದಿನ ತಲೆಮಾರಿಗೆ ದಾಟುತ್ತದೆ. ಅಂತರ್ಯುದ್ಧದ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಹೋಗಿದ್ದ ಪದ್ಧತಿಯಿದು, ಮತ್ತೆ ಹಟ ಹಿಡಿದು ಎತ್ತಿಕೊಂಡರು. ಕಳೆದ ಸಲ ಕಟ್ಟಿದ್ದು 2013ರಲ್ಲಿ. ಇನ್ನು 1868ರಲ್ಲಿ ಹೊಸ ಸರ್ಕಾರ ಶಿಂತೋವನ್ನು ಬೌದ್ಧಧರ್ಮದಿಂದ ಬೇರ್ಪಡಿಸಿದ ಮೇಲೆ ಬೌದ್ಧ ವಿಗ್ರಹಗಳನ್ನು ಒಡೆದವರು, ಮಾರಿದವರು ಜಪಾನೀಯರೇ. ಆ ನಷ್ಟ ಕಂಡ ಮೇಲೆ 1897ರಲ್ಲಿ ಹಳೆಯ ದೇಗುಲಗಳ ರಕ್ಷಣೆಗೆ ಕಾನೂನು ಬಂತು. 1950ರ ಕಾನೂನು ಕುಶಲವಿದ್ಯೆಗಳನ್ನೂ ಸಂಪತ್ತೆಂದು ಪರಿಗಣಿಸಿತು.

ಹಾಗಾಗಿ ನನಗೆ ಹೊರಗಿನ ಪ್ರಭಾವದ ಭಯವಿಲ್ಲ. ಭಯವಿರುವುದು ಕೈಗಳ ಬಗ್ಗೆ. ಪಾತ್ರೆಗಳಿಗೆ ಮೆರುಗಾಗಿ ಬಳಿಯುವ ಉರುಶಿ ಮರದ ರಸದ ಬಹುಪಾಲು ಈಗ ಚೀನಾದಿಂದ ಬರುತ್ತಿದೆ, ಜಪಾನಿನಲ್ಲಿ ಮರ ಗೀರಿ ರಸ ಇಳಿಸುವವರೇ ತೀರ ಕಡಿಮೆಯಾಗಿದ್ದಾರೆ.